ಹಗೇವಿನೊಳಗಿನ ರಂಜಕ

ಪುನರ್ವಸು ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಮೋಡ ಹರಿಯದೆ, ಬಿಸಿಲು ಕಾಣದೆ, ಭೂಮಿ ತಣ್ಣಗೆ ಒದ್ದೆಯಾಗಿ ಮಲಗಿದ್ದ ಒಂದು ಬೆಳಗ್ಗೆ, ಗುಬ್ಬಿ ಸೀಮೆಯ ನಮ್ಮ ಹಳ್ಳಿಯ ಮೂಡಲ ದಿಣ್ಣೆಯ ಮೇಲೆ, ದೊಡ್ಡಪ್ಪನ ಮಗನಾದ ಅಣ್ಣನ ಮುಸುಕಿನ ಜೋಳದ ಹೊಲವನ್ನು ನೋಡಲು ಅವನೊಡನೆ ಹೋಗಿದ್ದೆ. ಬಿತ್ತಿ ಮೂರು ವಾರವಾಗಿದ್ದ ಪೈರು ಗೇಣುದ್ದಕ್ಕಿಂತ ತುಸು ಮೇಲೆದ್ದಿತ್ತಾದರೂ, ಅದರ ಕೆಳಗಿನ ಎಲೆಗಳ ತುದಿಯಿಂದ ಅಂಚಿನುದ್ದಕ್ಕೂ ನೇರಿಳೆ ಹಣ್ಣನ್ನು ಹಿಂಡಿ ಬಳಿದಂತಹ ಬಣ್ಣ ಹಬ್ಬಿತ್ತು. ಎಲೆಯ ನಡುಭಾಗವಾದರೋ ಆರೋಗ್ಯದ ಹಸುರಲ್ಲ, ಅದಕ್ಕಿಂತ ಗಾಢವಾದ, ಮಂಕುಗವಿದ, ನೀಲಿ ಬೆರೆತ ಹಸುರು. ಅಣ್ಣ ಕುಕ್ಕರುಗಾಲಿನಲ್ಲಿ ಕುಳಿತು, ಒಂದು ಸಸಿಯನ್ನು ಮಣ್ಣುಸಹಿತ ಬಗೆದೆತ್ತಿ, ಅದರ ಬೇರನ್ನು ನನ್ನ ಅಂಗೈಯಲ್ಲಿಟ್ಟು, “ಎಕರೆಗೆ ಒಂದು ಮೂಟೆ ಡಿಎಪಿ ಎರಚಿದ್ದೀನಲ್ಲೋ ತಮ್ಮ, ಎಲ್ಲಿಗೋಯ್ತು ಅದು?” ಎಂದು ಕೇಳಿದ.

ಈ ಪ್ರಶ್ನೆ ಅವನೊಬ್ಬನದಲ್ಲ. ಮುಂಗಾರಿನ ಹೊಸ್ತಿಲಲ್ಲಿ ನಸುಕಿನಲ್ಲೇ ಎದ್ದುಬಂದು, ಸೊಸೈಟಿಯ ಬಾಗಿಲ ಮುಂದೆ ಪಹಣಿ ಚೀಟಿಯನ್ನೂ ಚೀಲದ ಹಣವನ್ನೂ ಹಿಡಿದು ಸಾಲುಗಟ್ಟಿ ನಿಲ್ಲುವ ಸಹಸ್ರಾರು ಒಕ್ಕಲು ಮಕ್ಕಳ ಪ್ರಶ್ನೆ ಅದು. 2008ರ ಜೂನ್ ತಿಂಗಳಿನಲ್ಲಿ ಗೊಬ್ಬರ ದೊರೆಯದ ಸಂಕಟದಿಂದ ಹಾವೇರಿಯಲ್ಲಿ ನೆರೆದಿದ್ದ ರೈತರ ಮೇಲೆ ಗೋಲಿಬಾರು ನಡೆದು ಪ್ರಾಣಹಾನಿಯಾದುದನ್ನು ನೆನೆದರೆ, ಕಡಲೆಕಾಳಿಗಿಂತ ಸಣ್ಣದಾದ ಈ ಬೂದುಗಪ್ಪು ಹರಳುಗಳಿಗಾಗಿ ನಮ್ಮ ನಾಡು ಎಂತಹ ಬೆಲೆಯನ್ನು ತೆತ್ತಿದೆಯೆಂಬುದು ಮನಸ್ಸಿಗೆ ಬಾರದಿರದು. ಅಷ್ಟು ಬೆಲೆ ತೆತ್ತು ತಂದು ಹೊಲಕ್ಕೆ ಚೆಲ್ಲಿದ ವಸ್ತು ಎಲ್ಲಿ ಹೋಯಿತು, ಏನಾಯಿತು, ಯಾರ ಪಾಲಾಯಿತು ಎಂದು ತಿಳಿಯುವ ಹಕ್ಕು ಚೆಲ್ಲಿದವನಿಗೆ ಇದೆ. ತಿಳಿಸುವ ಹೊಣೆ ಬಲ್ಲವರ ಮೇಲಿದೆ.

ಡಿಎಪಿಯೆಂಬ ಆ ಗೊಬ್ಬರದ ಮುಖ್ಯ ಸಾರ ರಂಜಕ, ಅಂದರೆ ಫಾಸ್ಫರಸ್. ರಂಜಕವಿಲ್ಲದೆ ಜೀವವಿಲ್ಲ. ಎಲೆಯು ಸೂರ್ಯನಿಂದ ಪಡೆದ ಶಕ್ತಿಯನ್ನು ಹೊತ್ತು, ಅದು ಬೇಕಾದೆಡೆಯಲ್ಲಿ ಇಳಿಸಿ, ಬರಿಹೆಗಲಿನಲ್ಲಿ ಹಿಂದಿರುಗಿ ಮತ್ತೊಮ್ಮೆ ಹೊರುವ ಹಮಾಲಿಯಂತಹ ಅಣುವೊಂದು ಪ್ರತಿ ಜೀವಕೋಶದಲ್ಲಿಯೂ ಹಗಲಿರುಳು ದುಡಿಯುತ್ತಿರುವುದಷ್ಟೆ. ಆ ಅಣುವಿನ ಹೆಗಲು ರಂಜಕದ್ದು. ತಲೆಯಿಂದ ತಲೆಗೆ ವಂಶದ ಗುಣವನ್ನು ದಾಟಿಸುವ ಡಿಎನ್‌ಎ ಎಂಬ ನುಲಿಯೇಣಿಯ ಎರಡು ಬದಿಯ ಕಂಬಗಳನ್ನು ಬೆಸೆದಿರುವುದೂ ಅದೇ. ಬೇರು ಇಳಿಯುವುದು, ತೆಂಡೆ ಒಡೆಯುವುದು, ಹೂ ಕಟ್ಟುವುದು, ಕಾಳು ಬಲಿಯುವುದು, ಅವರೆ ತೊಗರಿಗಳ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವು ಸೆರೆಯಾಗುವುದು, ಇವೆಲ್ಲಕ್ಕೂ ಅದು ಬೇಕು. ಇದು ಸಾಲದಾದಾಗ ಎಲೆಯಲ್ಲಿ ತಯಾರಾದ ಸಕ್ಕರೆಯು ಬೆಳವಣಿಗೆಗೆ ವಿನಿಯೋಗವಾಗದೆ ಅಲ್ಲಿಯೇ ಶೇಖರವಾಗಿ, ಅದರಿಂದ ಆ ನೇರಿಳೆ ವರ್ಣದ್ರವ್ಯವು ಉತ್ಪನ್ನವಾಗುತ್ತದೆ. ಇರುವ ಅಲ್ಪಸ್ವಲ್ಪವನ್ನು ಗಿಡವು ಹಳೆಯ ಎಲೆಗಳಿಂದ ಹಿಂತೆಗೆದು ಎಳೆಯ ಚಿಗುರಿಗೆ ಉಣಿಸುವುದರಿಂದ, ಬಣ್ಣ ಮೊದಲು ಕಾಣಿಸುವುದು ಕೆಳಗಿನ ಎಲೆಗಳಲ್ಲಿ. ಮನೆಯಲ್ಲಿ ಅನ್ನ ಕಡಿಮೆಯಾದಾಗ ಹಿರಿಯರು ತಮ್ಮ ತಟ್ಟೆಯದನ್ನು ಮಕ್ಕಳ ತಟ್ಟೆಗೆ ಬಡಿಸುವುದನ್ನು ಕಂಡವರಿಗೆ ಈ ಲಕ್ಷಣವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಈ ಧಾತುವನ್ನು ಮನುಷ್ಯನು ಮೊದಲು ಕಂಡುದು ಹೊಲದಲ್ಲಲ್ಲ. 1669ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಹೆನ್ನಿಗ್ ಬ್ರಾಂಡ್ ಎಂಬ ರಸವಾದಿಯು, ಕೀಳುಲೋಹವನ್ನು ಚಿನ್ನವಾಗಿಸುವ ಸ್ಪರ್ಶಮಣಿಯನ್ನು ಅರಸುತ್ತ ಮೂತ್ರವನ್ನು ಕಾಯಿಸಿ ಬತ್ತಿಸುತ್ತಿದ್ದಾಗ, ಕತ್ತಲೆಯಲ್ಲಿ ತಾನೇ ತಾನಾಗಿ ಬೆಳಗುವ ಒಂದು ಪದಾರ್ಥವು ಅವನ ಪಾತ್ರೆಯಲ್ಲಿ ಉಳಿಯಿತು. ಮುಂದೆ ಸುಮಾರು ನೂರು ವರ್ಷಗಳ ಮೇಲೆ ಅದೇ ವಸ್ತು ಮೂಳೆಯಲ್ಲಿಯೂ ಇದೆಯೆಂಬುದು ಸ್ಥಿರಪಟ್ಟಿತು. ಸಸ್ಯಗಳು ಖನಿಜಗಳನ್ನು ಉಂಡು ಬೆಳೆಯುತ್ತವೆಯೆಂಬ ಸಿದ್ಧಾಂತವನ್ನು 1840ರಲ್ಲಿ ಜರ್ಮನ್ ರಸಾಯನತಜ್ಞನಾದ ಲೀಬಿಗ್ ಮಹಾಶಯನು ಬಲವಾಗಿ ಪ್ರತಿಪಾದಿಸಿದ ಬೆನ್ನಿಗೇ, 1842ರಲ್ಲಿ ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ ಎಂಬಾತನು ಮೂಳೆಯಂತಹ ರಂಜಕದ ಪದಾರ್ಥಗಳ ಮೇಲೆ ಗಂಧಕಾಮ್ಲವನ್ನು ಸುರಿದು, ನೀರಿನಲ್ಲಿ ಕರಗುವ ಗೊಬ್ಬರವನ್ನು ಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಅದೇ ಸೂಪರ್ ಫಾಸ್ಫೇಟ್. ನಮ್ಮ ರೈತರ ಬಾಯಲ್ಲಿ ಬರಿಯ ‘ಸೂಪರ್’.

ಇಲ್ಲಿ ನಮ್ಮ ದೇಶದ ಒಂದು ವ್ಯಥೆಯ ಕಥೆಯೂ ಸೇರಿಕೊಂಡಿದೆ. ಯೂರೋಪಿನ ಹೊಲಗಳ ಈ ಹೊಸ ಹಸಿವಿಗೆ ಭಾರತದ ಮೂಳೆಗಳು ಹಡಗೇರಿ ಹೋದುವು. ಕೃಷಿರಸಾಯನತಜ್ಞನಾದ ವೋಲ್ಕರ್ ಈ ದೇಶವನ್ನೆಲ್ಲ ಸಂಚರಿಸಿ 1893ರಲ್ಲಿ ಪ್ರಕಟಿಸಿದ ಪ್ರಖ್ಯಾತ ವರದಿಯಲ್ಲಿ ಮೂಳೆ ಮತ್ತು ಎಣ್ಣೆಬೀಜಗಳ ರಫ್ತಿನ ವಿಚಾರವನ್ನು ಚರ್ಚಿಸಿರುವುದುಂಟು. ಕಾಡಿನಂಚಿನಲ್ಲಿ ಸತ್ತ ದನದ ಎಲುಬು, ಅದೇ ಮಣ್ಣಿಗೆ ಸೇರಬೇಕಾಗಿದ್ದ ಎಲುಬು, ಕಡಲಾಚೆಯ ಟರ್ನಿಪ್ ಗೆಡ್ಡೆಯನ್ನು ದಪ್ಪವಾಗಿಸಲು ಹೊರಟುಹೋಯಿತು. 1906ರಲ್ಲಿ ಮದರಾಸಿಗೆ ಪಶ್ಚಿಮದ ರಾಣಿಪೇಟೆಯಲ್ಲಿ ಸೂಪರ್ ತಯಾರಿಕೆ ಆರಂಭವಾಯಿತು. ಭಾರತದ ರಾಸಾಯನಿಕ ಗೊಬ್ಬರದ ಉದ್ಯಮಕ್ಕೆ ಅದೇ ಶ್ರೀಕಾರ. ಮೈಸೂರು ಸಂಸ್ಥಾನದಲ್ಲಿಯಾದರೋ ಅದಕ್ಕೂ ಮುಂಚೆಯೇ, 1899ರಲ್ಲಿ, ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ನೆಲವನ್ನು ದಾನವಿತ್ತು, ಡಾಕ್ಟರ್ ಲೇಮನ್ ಎಂಬ ರಸಾಯನತಜ್ಞರನ್ನು ನೇಮಿಸಿ, ಮಣ್ಣಿಗೂ ಬೆಳೆಗೂ ಇರುವ ಸಂಬಂಧದ ಪರೀಕ್ಷೆಗೆ ತಳಹದಿ ಹಾಕಿಸಿದ್ದರು. ಇಂದಿನ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಬೇರು ಆ ಮೂವತ್ತು ಎಕರೆಯಲ್ಲಿದೆ. ‘ಮಣ್ಣಿಗೆ ಕೊಟ್ಟರೆ ಬೆಳೆ ಏನೆನ್ನುತ್ತದೆ?’ ಎಂಬ ಪ್ರಶ್ನೆಯನ್ನು ಆ ಕಾಲಕ್ಕೆ ಸಂಸ್ಥಾನದ ಖರ್ಚಿನಲ್ಲಿ ಕೇಳಿದ ಆ ದೂರದೃಷ್ಟಿಯನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ.

ಇನ್ನು ಅಣ್ಣನ ಪ್ರಶ್ನೆಗೆ ಬರೋಣ. ಯೂರಿಯಾದ ಸಾರಜನಕವು ಚಂಚಲ ಸ್ವಭಾವದ್ದು. ಗಾಳಿಗೆ ಆವಿಯಾಗಿ ಏಳುತ್ತದೆ, ಮಳೆನೀರಿನೊಡನೆ ಪಾತಾಳಕ್ಕಿಳಿಯುತ್ತದೆ. ರಂಜಕದ್ದು ತದ್ವಿರುದ್ಧವಾದ ಪ್ರಕೃತಿ. ಹರಳು ಮಣ್ಣಿನ ತೇವವನ್ನು ಹೀರಿ ಕರಗಿದೊಡನೆಯೇ ಅದರಿಂದ ಹೊರಬಂದ ಫಾಸ್ಫೇಟು ಕೈಗೆ ಸಿಕ್ಕವರನ್ನು ಅಪ್ಪಿಕೊಂಡುಬಿಡುತ್ತದೆ. ಯಾರನ್ನು ಅಪ್ಪುತ್ತದೆಂಬುದು ಆಯಾ ಮಣ್ಣಿನ ಜಾತಿಯನ್ನು ಅವಲಂಬಿಸಿದೆ. ಹಳೆಯ ಮೈಸೂರಿನ ಕೆಮ್ಮಣ್ಣಿಗೆ ಆ ಕೆಂಪನ್ನು ಕೊಟ್ಟಿರುವುದೇ ಕಬ್ಬಿಣದ ತುಕ್ಕು. ಆ ಕಬ್ಬಿಣವೂ ಅದರ ಜೊತೆಗಾರನಾದ ಅಲ್ಯೂಮಿನಿಯಮ್ಮೂ, ಮಣ್ಣು ಹುಳಿಯಾದಷ್ಟೂ ಹೆಚ್ಚು ಬಿಗಿಯಾಗಿ ರಂಜಕವನ್ನು ಹಿಡಿಯುತ್ತವೆ. ಮಲೆನಾಡು ಕರಾವಳಿಗಳ ಜಂಬಿಟ್ಟಿಗೆ ಮಣ್ಣಿನಲ್ಲಿ ಈ ಹಿಡಿತ ಪರಮಾವಧಿಗೆ ಮುಟ್ಟಿದೆ. ಸಾವಿರಾರು ಮಳೆಗಾಲಗಳು ಸುಣ್ಣವನ್ನೂ ಮರಳಿನ ಸಾರವಾದ ಸಿಲಿಕವನ್ನೂ ತೊಳೆದೊಯ್ದು ಕಬ್ಬಿಣ ಅಲ್ಯೂಮಿನಿಯಮ್‌ಗಳನ್ನೇ ಹೆಚ್ಚಾಗಿ ಉಳಿಸಿರುವ ನೆಲ ಅದು. ಮೈಸೂರು, ಕನ್ನಡ, ಮಲೆಯಾಳ ಸೀಮೆಗಳಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲನ್ನು ಹಸಿಯಿರುವಾಗ ಇಟ್ಟಿಗೆಯಂತೆ ಕಡಿದು, ಒಣಗಿದ ಮೇಲೆ ಗೋಡೆ ಕಟ್ಟುವುದನ್ನು ನೋಡಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಇಟ್ಟಿಗೆಯೆಂದೇ ಅದರ ಮೂಲವಾದ ಲ್ಯಾಟಿನ್ ಶಬ್ದದ ಅರ್ಥ. ಬಿಜಾಪುರ, ಗದಗ, ಕಲಬುರಗಿಗಳ ಎರೆಭೂಮಿಗೆ ಹೋದರೆ ಅಲ್ಲಿ ಕಬ್ಬಿಣದ ಪಾತ್ರವನ್ನು ಸುಣ್ಣ ವಹಿಸಿಕೊಳ್ಳುತ್ತದೆ. ಎರೆಮಣ್ಣಿನ ಹೆಂಟೆಯೊಡೆದಾಗ ಬಿಳಿಯ ಹರಳುಗಳು ಉದುರುವುದನ್ನು ಯಾರಾದರೂ ಕಂಡಿರಬಹುದು. ಕ್ಷಾರಗುಣದ ಆ ನೆಲದಲ್ಲಿ ರಂಜಕವು ಸುಣ್ಣದೊಡನೆ ಕೂಡಿ, ಕ್ರಮೇಣ ಗಟ್ಟಿಗಟ್ಟಿಯಾಗಿ, ತಾನು ಯಾವ ಕಲ್ಲಿನಿಂದ ಬಂದಿತ್ತೋ ಆ ಕಲ್ಲಿನ ಸ್ವರೂಪದ ಕಡೆಗೇ ಹಿಂದಿರುಗತೊಡಗುತ್ತದೆ. ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ನಡುವಣ ಮಣ್ಣು, ಅಂದರೆ ರಸಸಾರ ಸುಮಾರು ಆರೂವರೆಯಿಂದ ಏಳರವರೆಗಿನ ಮಣ್ಣು, ಇದ್ದುದರಲ್ಲಿ ಉದಾರವಾದುದು.

ಹೀಗೆ ಬಂಧನಕ್ಕೆ ಸಿಕ್ಕಿದ ರಂಜಕವು ಒಂದೆಡೆಯಿಂದ ಇನ್ನೊಂದೆಡೆಗೆ ಚಲಿಸುವುದು ಅತ್ಯಲ್ಪ. ಮಣ್ಣಿನ ಕಣಗಳ ನಡುವಣ ನೀರಿನಲ್ಲಿ ಯಾವುದೇ ಕ್ಷಣಕ್ಕೆ ಕರಗಿರತಕ್ಕದ್ದು, ಲೀಟರಿಗೆ ಒಂದು ಮಿಲಿಗ್ರಾಮೂ ಸಾಧಾರಣವಾಗಿ ಇರುವುದಿಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನಷ್ಟು ತೆಳ್ಳನೆಯ ಮಣ್ಣಿನ ಪೊರೆಯಿಂದ ಅದನ್ನು ಹೀರಿಕೊಂಡ ಮೇಲೆ, ಆಚೆಯಿಂದ ಅದು ತಾನಾಗಿ ಹರಿದುಬಂದು ಆ ಬರಿದಾದ ಜಾಗವನ್ನು ತುಂಬುವುದಿಲ್ಲ. ಬೇರೇ ಮುಂದೆ ಸಾಗಿ ಹೊಸ ಮಣ್ಣನ್ನು ಮುಟ್ಟಬೇಕು. ಅಣ್ಣನ ಹೊಲದಲ್ಲಿ ಆದುದು ಇಷ್ಟೆ. ಗೊಬ್ಬರವನ್ನು ಕೈಯಿಂದ ಮೇಲೆ ಎರಚಿದ್ದಾಗಿತ್ತು. ನಾಲ್ಕು ದಿನದ ಮೋಡದಿಂದ ತಣ್ಣಗಾದ ನೆಲದಲ್ಲಿ ಬೇರಿನ ನಡಿಗೆ ನಿಂತಿತ್ತು. ನನ್ನ ಅಂಗೈಯಲ್ಲಿದ್ದ ಆ ಎಳೆಯ ಬೇರಿನಿಂದ ನಾಲ್ಕು ಬೆರಳು ದೂರದಲ್ಲಿ, ಮಣ್ಣಿನ ಮೇಲುಪದರದಲ್ಲಿ, ಅರೆಕರಗಿದ ಹರಳೊಂದು ಇನ್ನೂ ಕಾಣುವಂತೆಯೇ ಬಿದ್ದಿತ್ತು. ಅದನ್ನು ನಾನು ಉಗುರಿನಿಂದ ಒತ್ತಿದೆ; ನೆನೆದ ಬೆಲ್ಲದಂತೆ ಮೆತ್ತಗೆ ಪುಡಿಯಾಗಿ ಮಣ್ಣಿನೊಡನೆ ಒಂದಾಯಿತು. “ಎಲ್ಲಿಗೂ ಹೋಗಿಲ್ಲ ಕಣಣ್ಣ, ಇಲ್ಲೇ ಇದೆ” ಎಂದೆ. ಅವನು ನಂಬಲಿಲ್ಲ.

ಅವನನ್ನು ನಂಬಿಸಿದ್ದು ನನ್ನ ಮಾತಲ್ಲ, ಅವನ ಮನೆಯ ಅಂಗಳ. ಆ ಅಂಗಳದ ಮೂಲೆಯಲ್ಲಿ, ಕಲ್ಲುಚಪ್ಪಡಿ ಮುಚ್ಚಿದ, ಈಗ ಯಾರೂ ತೆರೆಯದ ಹಗೇವೊಂದಿದೆ. ನಮ್ಮ ಅಜ್ಜನ ಕಾಲದಲ್ಲಿ ಸುಗ್ಗಿಯ ರಾಗಿಯನ್ನು ಅದಕ್ಕೆ ಸುರಿಯುತ್ತಿದ್ದರು. ಗಟ್ಟಿನೆಲದಲ್ಲಿ ತೋಡಿದ ಗುಂಡಿ; ಬಾಯಿ ಕಿರಿದು, ಹೊಟ್ಟೆ ಅಗಲ; ಒಳಸುತ್ತಿಗೆ ಹುಲ್ಲಿನ ಹೊದಿಕೆ; ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣಿನ ಮೆತ್ತಿಗೆ. ಹುಳು ಮುಟ್ಟದು, ಇಲಿ ಮುಟ್ಟದು. ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಆದರೆ ಹಸಿವಾಯಿತೆಂದು ಕೂಡಲೇ ಇಳಿದು ತೆಗೆಯುವಂತಿರಲಿಲ್ಲ. ಚಪ್ಪಡಿ ಸರಿಸಿ, ಒಳಗಿನ ಕೆಟ್ಟಗಾಳಿ ಹೊರಹೋಗುವವರೆಗೆ ಕಾದು, ದೀಪವನ್ನು ಇಳಿಬಿಟ್ಟು ಅದು ಆರದೆಂಬುದನ್ನು ಖಚಿತಪಡಿಸಿಕೊಂಡು, ಆಮೇಲೆ ಮನುಷ್ಯ ಇಳಿಯಬೇಕು. ಹಾಕುವುದು ಸುಲಭ, ತೆಗೆಯುವುದಕ್ಕೆ ಕ್ರಮವುಂಟು, ತಾಳ್ಮೆಯುಂಟು. ನಮ್ಮ ಹೊಲದ ಮಣ್ಣು ರಂಜಕದ ಹಗೇವು. ನಾವು ಐವತ್ತು ವರ್ಷಗಳಿಂದ ಸುರಿಯುತ್ತಲೇ ಬಂದಿದ್ದೇವೆ. ತೆರೆಯುವ ಕ್ರಮವನ್ನು ಮರೆತಿದ್ದೇವೆ.

ಇದು ಉಪಮೆಯ ಚಮತ್ಕಾರಕ್ಕಾಗಿ ಹೇಳಿದ ಮಾತಲ್ಲ. ಲಾಸ್ ಮಹಾಶಯನು ತನ್ನ ಸ್ವಂತ ಜಮೀನಿನಲ್ಲಿ 1843ರಲ್ಲಿ ಪ್ರಾರಂಭಿಸಿದ ರಾಥಮ್‌ಸ್ಟೆಡ್ ಪ್ರಯೋಗಕ್ಷೇತ್ರವು ಇಂದಿಗೂ ನಡೆಯುತ್ತಿದೆ. ಅಲ್ಲಿಯ ಒಂದು ತಾಕಿಗೆ 1856ರಿಂದ 1901ರವರೆಗೆ ರಂಜಕದ ಗೊಬ್ಬರವನ್ನೂ ಕೊಟ್ಟಿಗೆ ಗೊಬ್ಬರವನ್ನೂ ಕೊಟ್ಟು, ಅನಂತರ ಕೈಬಿಟ್ಟರು. ಅರ್ಧ ಶತಮಾನವೇ ಕಳೆದ ಮೇಲೆ ಬಾರ್ಲಿ ಬೆಳೆದು ನೋಡಲಾಗಿ, ಹಿಂದೆ ಗೊಬ್ಬರ ಉಂಡಿದ್ದ ಭಾಗಗಳು ಎಂದೂ ಉಣ್ಣದಿದ್ದ ಭಾಗಗಳಿಗಿಂತ ಹೆಚ್ಚಿನ ಫಸಲನ್ನು ಕೊಡುತ್ತಲೇ ಇದ್ದುವು. ಚೆಲ್ಲಿದ ಕೈಗಳು ಮಣ್ಣಾಗಿ ಹೋಗಿದ್ದುವು; ಚೆಲ್ಲಿದ ರಂಜಕ ಮಣ್ಣಿನಲ್ಲಿ ಕಾದಿತ್ತು. ಒಂದು ಕಾಲದಲ್ಲಿ ಪಂಡಿತರು ‘ಸ್ಥಿರೀಕೃತ’ವೆಂದು ಲೆಕ್ಕದಿಂದ ಬಿಟ್ಟಿದ್ದ ಈ ಭಾಗವು ಶಾಶ್ವತವಾಗಿ ನಷ್ಟವಾದುದಲ್ಲ, ನಿಧಾನವಾಗಿ ಮರಳಿ ಕೊಡುವ ನಿಕ್ಷೇಪವೆಂಬ ಅರಿವು ಇಂತಹ ದೀರ್ಘ ಪರೀಕ್ಷೆಗಳಿಂದ ದೊರೆಯಿತು.

ಲೆಕ್ಕವನ್ನು ನಮ್ಮ ಹೊಲಕ್ಕೇ ಇಳಿಸಿ ನೋಡೋಣ. ಡಿಎಪಿ ಚೀಲದ ಮೇಲೆ ಅಚ್ಚಾಗಿರುವ 46 ಎಂಬ ಅಂಕೆಯು ರಂಜಕದ ಆಕ್ಸೈಡಿನ ಲೆಕ್ಕ. 50 ಕಿಲೋ ಚೀಲದಲ್ಲಿ ಅದು 23 ಕಿಲೋ ಆಗುತ್ತದೆ, ಅದರೊಳಗಿನ ಅಪ್ಪಟ ರಂಜಕ ಸುಮಾರು 10 ಕಿಲೋ. ಮಳೆಯಾಶ್ರಯದ ರಾಗಿ ಎಕರೆಗೆ 10 ಕ್ವಿಂಟಾಲ್ ಬಂದರೆ ಆ ಕಾಳಿನಲ್ಲಿ ಹೊಲ ಬಿಟ್ಟು ಹೋಗುವ ರಂಜಕ 3 ಕಿಲೋ ಮುಟ್ಟುವುದಿಲ್ಲ. ಹುಲ್ಲು ದನದ ಹೊಟ್ಟೆಯ ಮಾರ್ಗವಾಗಿ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ ಹಿಂದಿರುಗುತ್ತದೆಯಾಗಿ ಅದನ್ನು ವೆಚ್ಚಕ್ಕೆ ಹಿಡಿಯಬೇಕಾಗಿಲ್ಲ. ಉಳಿದ 7 ಕಿಲೋ ಎಲ್ಲಿ? ಹಗೇವಿನಲ್ಲಿ. ಮುಂದಿನ ವರ್ಷ ಮತ್ತೊಂದು 7; ಅದರ ಮುಂದಿನ ವರ್ಷ ಇನ್ನೊಂದು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಮಳೆಯಾಶ್ರಯದ ರಾಗಿಗೆ ಶಿಫಾರಸು ಮಾಡುವುದು ಹೆಕ್ಟೇರಿಗೆ 40 ಕಿಲೋ ಆಕ್ಸೈಡು, ಅಂದರೆ ಎಕರೆಗೆ ಮುಕ್ಕಾಲು ಚೀಲಕ್ಕಿಂತಲೂ ತುಸು ಕಡಿಮೆ. ಆದರೆ ಅರ್ಧ ಚೀಲವನ್ನು, ಮುಕ್ಕಾಲು ಚೀಲವನ್ನು ಬಿಡಿಸಿ ಅಳೆದು ಹಾಕುವ ವ್ಯವಧಾನ ಬಿತ್ತನೆಯ ಧಾವಂತದಲ್ಲಿ ಯಾರಿಗೂ ಇರುವುದಿಲ್ಲ. ಮುಸುಕಿನ ಜೋಳ ಇದಕ್ಕಿಂತ ಹೆಚ್ಚು ಉಣ್ಣುವ ಪೈರು. 25 ಕ್ವಿಂಟಾಲ್ ಕಾಳು ಬೆಳೆದರೆ ಸುಮಾರು 7 ಕಿಲೋ ರಂಜಕ ಅದರೊಡನೆ ಮಾರುಕಟ್ಟೆಗೆ ಹೋಗುತ್ತದೆಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು. ಇಷ್ಟಾದರೂ, ಹಾಕಿದ ವರ್ಷವೇ ಬೆಳೆಗೆ ದಕ್ಕುವುದು ಹಾಕಿದ್ದರ ಐದನೆಯ ಒಂದು ಪಾಲು, ಎಷ್ಟೋ ವೇಳೆ ಅದಕ್ಕೂ ಕಡಿಮೆ. ತನಗೆ ಬೇಕಾದ ಮಿಕ್ಕ ಪಾಲನ್ನು ಬೆಳೆಯು ಹಳೆಯ ದಾಸ್ತಾನಿನಿಂದ ಪಡೆದಿರುತ್ತದೆ.

ಅಣ್ಣನ ಮನೆಯ ಗಡಿಯಾರದ ಹಿಂದೆ ಸಿಕ್ಕಿಸಿದ್ದ ಮಣ್ಣು ಆರೋಗ್ಯ ಚೀಟಿಯನ್ನು ಅತ್ತಿಗೆ ತಂದುಕೊಟ್ಟರು. 2015ರಿಂದ ಈಚೆಗೆ ಇಂತಹ ಚೀಟಿ ಹಳ್ಳಿಯ ಎಷ್ಟೋ ಮನೆಗಳಿಗೆ ಬಂದಿದೆ. ಓದಿಸಿಕೊಂಡಿರುವ ಮನೆಗಳು ಮಾತ್ರ ವಿರಳ. ರಂಜಕದ ಎದುರಿಗೆ ‘ಹೆಚ್ಚು’ ಎಂದಿತ್ತು. ಸತುವಿನ ಎದುರಿಗೆ ‘ಕಡಿಮೆ’ ಎಂದಿತ್ತು. ಈ ಎರಡು ಮಾತುಗಳು ಒಂದೇ ಹಾಳೆಯ ಮೇಲೆ ಅಕ್ಕಪಕ್ಕದಲ್ಲಿ ಬಂದಿರುವುದು ಬರಿಯ ಆಕಸ್ಮಿಕವೆನ್ನಲಾಗದು. ರಂಜಕದ ಅತಿಭೋಜನವು ಗಿಡಕ್ಕೆ ಸತುವು ದೊರೆಯದಂತೆ ಮಾಡುತ್ತದೆಂಬುದು ಬಹುಕಾಲದಿಂದ ತಿಳಿದ ವಿಷಯ; ಮೊದಲೇ ಸತುವು ಸಾಲದ ನೆಲದಲ್ಲಿ ಚೀಲದ ಮೇಲೆ ಚೀಲ ಡಿಎಪಿ ಸುರಿದರೆ ಮುಸುಕಿನ ಜೋಳದ ಎಳೆಯ ಎಲೆಯಲ್ಲಿ, ನಡುನರದ ಇಕ್ಕೆಲದಲ್ಲಿ, ಬಿಳಿಯ ಪಟ್ಟೆಗಳು ಮೂಡುತ್ತವೆ. 2009ರಲ್ಲಿ ನಮ್ಮ ಸರ್ಕಾರವು ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯ ಸಹಾಯದಿಂದ ಕೈಗೊಂಡ ಭೂಚೇತನ ಕಾರ್ಯಕ್ರಮದಲ್ಲಿ ಜಿಲ್ಲೆಜಿಲ್ಲೆಯ ಹೊಲಗಳ ಮಣ್ಣನ್ನು ಪರೀಕ್ಷಿಸಿದಾಗ ವ್ಯಾಪಕವಾಗಿ ಕಂಡುಬಂದ ಕೊರತೆ ಗಂಧಕದ್ದು, ಸತುವಿನದು, ಬೋರಾನಿನದು. ಹಳೆಯ ಸೂಪರ್ ಗೊಬ್ಬರದಲ್ಲಿ 16 ಪಾಲು ರಂಜಕದ ಆಕ್ಸೈಡಿನ ಜೊತೆಗೆ 11 ಪಾಲು ಗಂಧಕವೂ, ಸಾಕಷ್ಟು ಸುಣ್ಣವೂ ಕೂಡಿ ಬರುತ್ತಿದ್ದುವು. ಹೊರುವುದಕ್ಕೆ ಭಾರ, ಚೀಲಗಳು ಹೆಚ್ಚೆಂಬ ಕಾರಣದಿಂದ ನಾವು ಅದನ್ನು ಬಿಟ್ಟು ಸಾಂದ್ರವಾದ ಡಿಎಪಿಗೆ ಮಾರುಹೋದೆವು. ಹೊರೆ ಇಳಿಯಿತು, ಅದರೊಡನೆ ಗಂಧಕವೂ ಹೊಲದಿಂದ ಇಳಿದುಹೋಯಿತು. ನೆಲಗಡಲೆ ಬೆಳೆಯುವ ಚಳ್ಳಕೆರೆ ಪಾವಗಡದ ಕಡೆಯವರಿಗೆ ಈ ನಷ್ಟದ ಅನುಭವ ಉಳಿದೆಲ್ಲರಿಗಿಂತ ಹೆಚ್ಚಾಗಿರಬೇಕು, ಏಕೆಂದರೆ ಎಣ್ಣೆಕಾಳಿನ ಎಣ್ಣೆಗೆ ಗಂಧಕ ಬೇಕು, ಕಾಯಿ ತುಂಬುವುದಕ್ಕೆ ಸುಣ್ಣ ಬೇಕು.

ಇನ್ನೊಂದು ನಷ್ಟವು ಕಣ್ಣಿಗೆ ಕಾಣದು. ಬಹುಪಾಲು ಗಿಡಗಳ ಬೇರಿನೊಳಗೆ ಒಂದು ಬಗೆಯ ಶಿಲೀಂಧ್ರವು ಮನೆಮಾಡಿಕೊಂಡಿರುತ್ತದೆ. 1885ರಲ್ಲಿ ಫ್ರಾಂಕ್ ಎಂಬ ಜರ್ಮನ್ ವಿದ್ವಾಂಸನು ಇಂತಹ ಸಹವಾಸಕ್ಕೆ ಮೈಕೊರೈಜಾ ಎಂಬ ಹೆಸರಿಟ್ಟನು. ನಾವು ಬೇರುಬೂಷ್ಟು ಎಂದು ಕರೆದರೆ ತಪ್ಪಾಗದು. ಜೇಡನ ನೂಲಿಗಿಂತ ನವುರಾದ ಅದರ ಎಳೆಗಳು ಬೇರಿನಿಂದ ಹೊರಟು, ಬೇರು ಬರಿದುಮಾಡಿದ ಆ ಒಂದೆರಡು ಮಿಲಿಮೀಟರಿನ ಗಡಿಯನ್ನು ದಾಟಿ, ಹಲವು ಸೆಂಟಿಮೀಟರು ದೂರದವರೆಗೆ ಹರಡಿ, ಅಲ್ಲಿಂದ ರಂಜಕವನ್ನು ಹೊತ್ತುತಂದು ಗಿಡಕ್ಕೆ ಒಪ್ಪಿಸುತ್ತವೆ. ಕೂಲಿಯಾಗಿ ಗಿಡದಿಂದ ಸಕ್ಕರೆ ಪಡೆಯುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಡಿ. ಜೆ. ಬಾಗ್ಯರಾಜ್ ಅವರು ಈ ಶಿಲೀಂಧ್ರಗಳ ವ್ಯಾಸಂಗಕ್ಕೆ ತಮ್ಮ ಜೀವಮಾನದ ಶ್ರಮವನ್ನು ಮೀಸಲಿಟ್ಟವರು. ಕರಗುವ ರಂಜಕವು ಕಾಲಬುಡದಲ್ಲೇ ಹೇರಳವಾಗಿ ಬಿದ್ದಿರುವಾಗ ಗಿಡವು ಕೂಲಿ ಕೊಟ್ಟು ಈ ಆಳನ್ನು ಇಟ್ಟುಕೊಳ್ಳುವುದಿಲ್ಲ. ಬೇರಿನಲ್ಲಿ ಶಿಲೀಂಧ್ರದ ವಾಸ ಕ್ಷೀಣಿಸುತ್ತದೆ. ಆ ಎಳೆಗಳು ರಂಜಕದ ಜೊತೆಗೆ ಸತುವನ್ನೂ ತರುತ್ತಿದ್ದುವಾದ್ದರಿಂದ ಅದೂ ತಪ್ಪಿಹೋಗುತ್ತದೆ. ಅಣ್ಣನ ಚೀಟಿಯ ಎರಡನೆಯ ಸಾಲಿಗೆ ಇದೂ ಒಂದು ಕಾರಣವಾಗಿದ್ದೀತು.

ಹಾಗೆಂದು ರಂಜಕದ ಗೊಬ್ಬರವೇ ಬೇಡವೆಂಬ ವಾದಕ್ಕೆ ನಾನು ಸೇರಿದವನಲ್ಲ. ಎಂದೂ ಗೊಬ್ಬರ ಕಾಣದ ಬಡ ಮಸಾರಿ ನೆಲಕ್ಕೆ ಮೊದಲ ಸಲ ಸೂಪರ್ ಕೊಟ್ಟಾಗ ಪೈರು ತೋರಿಸುವ ಹುರುಪನ್ನು ಕಂಡವರು ಅಂತಹ ಮಾತನ್ನಾಡಲಾರರು. ಹಗೇವು ಬರಿದಾಗಿದ್ದರೆ ತುಂಬಲೇಬೇಕು. ಆದರೆ ಈ ದೇಶಕ್ಕೆ ಬೇಕಾದ ರಂಜಕದ ಬಹುಭಾಗ ಕಡಲು ದಾಟಿ ಬರುತ್ತದೆಂಬುದನ್ನು ಮರೆಯಬಾರದು. ಉದಯಪುರದ ಬಳಿಯ ಝಾಮರ್‌ಕೋಟ್ರಾದಲ್ಲಿ 1968ರಲ್ಲಿ ದೊರೆತ ನಿಕ್ಷೇಪ ದೊಡ್ಡದೇ ಆದರೂ ನಮ್ಮ ಹಸಿವಿಗೆ ಸಾಲದು. ಪ್ರಪಂಚದ ಫಾಸ್ಫೇಟು ಕಲ್ಲಿನ ಹೆಚ್ಚಿನ ಪಾಲು ಮೊರಾಕೊ ಎಂಬ ಒಂದೇ ದೇಶದ ಅಧೀನದಲ್ಲಿದೆ. ಮಾಡಲು ಬಾರದ, ಬೇರೊಂದರಿಂದ ಬದಲಿಸಲು ಬಾರದ ಧಾತು ಇದು. ಅಂತಹುದನ್ನು ನಾವು ಊಟದಲ್ಲಿ ಉಂಡು, ಹೆಚ್ಚುಕಡಿಮೆ ಅಷ್ಟನ್ನೂ ಮಲಮೂತ್ರಗಳಲ್ಲಿ ವಿಸರ್ಜಿಸಿ, ಮೋರಿಯ ಪಾಲುಮಾಡುತ್ತೇವೆ. ಗುಬ್ಬಿಯ ರಾಗಿ ಬೆಂಗಳೂರಿನ ತಟ್ಟೆಗೆ ಹೋಗುತ್ತದೆ. ಅದರೊಳಗಿನ ರಂಜಕ ಬಟ್ಟೆ ತೊಳೆಯುವ ಪುಡಿಯ ರಂಜಕದೊಡನೆ ಕೂಡಿ ಬೆಳ್ಳಂದೂರು ಕೆರೆಗೆ ಇಳಿದು ಅಲ್ಲಿ ಕಳೆಯನ್ನು ಕೊಬ್ಬಿಸುತ್ತದೆ. ಬ್ರಾಂಡನು ಸ್ಪರ್ಶಮಣಿಯನ್ನು ಹುಡುಕಿದ ದ್ರವವನ್ನೇ ನಾವು ಕೆರೆಗೆ ಬಿಡುತ್ತಿದ್ದೇವೆ. ಹಿಂದೆ ಕೆರೆಯ ಗೋಡನ್ನು ಬೇಸಗೆಯಲ್ಲಿ ಗಾಡಿಯಲ್ಲಿ ಹೇರಿ ಹೊಲಕ್ಕೆ ಹೊಡೆಯುತ್ತಿದ್ದವರು, ಸುಗ್ಗಿ ಮುಗಿದ ಮೇಲೆ ಕಾಳುಕಡ್ಡಿ ಕೊಟ್ಟು ಹೊಲದಲ್ಲಿ ಕುರಿಮಂದೆ ನಿಲ್ಲಿಸಿಕೊಳ್ಳುತ್ತಿದ್ದವರು, ಈ ಚಕ್ರವನ್ನು ಮುರಿಯದೆ ನಡೆಸಿದ್ದರು.

ಹಗೇವಿನ ಬಾಯಿ ತೆರೆಯುವ ಕ್ರಮ ತಿಳಿಯದ್ದೇನೂ ಅಲ್ಲ. ಎರಚುವುದಕ್ಕೆ ಬದಲು ಕೂರಿಗೆಯ ಸಾಲಿನಲ್ಲಿ, ಬೀಜದ ಮಗ್ಗುಲಿಗೆ ಎರಡು ಅಂಗುಲ ದೂರ, ಎರಡು ಅಂಗುಲ ಆಳದಲ್ಲಿ ಗೊಬ್ಬರ ಬಿದ್ದರೆ, ಅದು ಮುಟ್ಟುವ ಮಣ್ಣು ಕಡಿಮೆಯಾಗಿ ಸೆರೆಯಾಗುವುದೂ ಕಡಿಮೆಯಾಗುತ್ತದೆ; ಬೇರಿಗೂ ಬೇಗ ಸಿಕ್ಕುತ್ತದೆ. ಬೀಜಕ್ಕೆ ತಾಗಿಯೇ ಬಿದ್ದರೆ ಮಾತ್ರ ಡಿಎಪಿಯ ಅಮೋನಿಯಾ ಮೊಳಕೆಯನ್ನು ಸುಡುತ್ತದೆ. ಕೊಟ್ಟಿಗೆ ಗೊಬ್ಬರ ಕೊಳೆಯುವಾಗ ಹುಟ್ಟುವ ಆಮ್ಲಗಳು ಕಬ್ಬಿಣದ ಕೈಗಳನ್ನು ತಾವೇ ಹಿಡಿದುಕೊಂಡು ರಂಜಕವನ್ನು ಬಿಡಿಸುತ್ತವೆ. ಆದಕಾರಣ ತಿಪ್ಪೆಗೊಬ್ಬರ ಹಾಕಿದ ಹೊಲದಲ್ಲಿ ಅರ್ಧ ಚೀಲವೂ ಒಂದು ಚೀಲದಂತೆ ಬಾಳುತ್ತದೆ. ಹುಳಿಮಣ್ಣಿನ ಮಲೆನಾಡಿಗಾದರೆ ಸುಣ್ಣ ಹಾಕಬೇಕು. ಅಡಕೆ ಕಾಫಿ ತೋಟಗಳಲ್ಲಿ ಅಗ್ಗದ ಕಲ್ಲುಫಾಸ್ಫೇಟಿನ ಪುಡಿಯೇ ಆ ಹುಳಿಗೆ ಮೆಲ್ಲಗೆ ಕರಗಿ ಉಪಯೋಗಕ್ಕೆ ಬರುತ್ತದೆ. ಅದೇ ಪುಡಿಯನ್ನು ಎರೆಭೂಮಿಗೆ ಹಾಕಿದರೆ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ.

ಇವೆಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ ಬೀಗದಕೈ ಮತ್ತೊಂದುಂಟು. ಹೈದರಾಬಾದಿನ ಬಳಿಯ ಪಟಾಂಚೆರುವಿನ ಇಕ್ರಿಸ್ಯಾಟ್ ಕ್ಷೇತ್ರದಲ್ಲಿ ಜಪಾನಿನ ಏ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ತೊಗರಿಯ ಬೇರನ್ನು ಪರೀಕ್ಷಿಸುತ್ತಿದ್ದಾಗ, ಉಳಿದ ಪೈರುಗಳು ಸೊರಗುವ ಕೆಮ್ಮಣ್ಣಿನಲ್ಲಿಯೂ ತೊಗರಿಯು ರಂಜಕಕ್ಕೆ ಕೊರತೆಯಿಲ್ಲದಂತೆ ಬೆಳೆಯುವುದನ್ನು ಗಮನಿಸಿ, ಅದರ ಬೇರು ಒಸರುವ ಪಿಸಿಡಿಕ್ ಆಮ್ಲವೆಂಬ ದ್ರವ್ಯವು ಕಬ್ಬಿಣವನ್ನು ತಾನು ಕಟ್ಟಿಹಾಕಿ ಅದರ ತೆಕ್ಕೆಯಲ್ಲಿದ್ದ ರಂಜಕವನ್ನು ಬಿಡಿಸಿಕೊಳ್ಳುತ್ತದೆಂಬುದನ್ನು 1990ರಲ್ಲಿ ಪ್ರಕಟಿಸಿದರು. ಓದಿದಾಗ ನನ್ನ ಕಣ್ಣಮುಂದೆ ನಿಂತದ್ದು ನಮ್ಮ ಅಜ್ಜಿ. ಕೂರಿಗೆಯಲ್ಲಿ ಆರೆಂಟು ಸಾಲು ರಾಗಿ ಸಾಗಿದ ಮೇಲೆ ಒಂದು ಅಕ್ಕಡಿ ಸಾಲು. ಆ ಸಾಲಿಗೆ ಮಡಿಲಿನಿಂದ ತೊಗರಿ, ಅವರೆ, ಹುಚ್ಚೆಳ್ಳನ್ನು ಬೆರಸಿ ಬಿಡುತ್ತ, ನೇಗಿಲ ಹಿಂದೆ ಹೆಜ್ಜೆಯಿಡುತ್ತಿದ್ದವಳು ಅವಳು. ಸಾರಿಗೆ ಬೇಳೆಯಾಯಿತು, ಉರುವಲಿಗೆ ಕಡ್ಡಿಯಾಯಿತೆಂಬುದಷ್ಟೇ ನಮಗೆ ತಿಳಿದಿತ್ತು. ಆಳಕ್ಕಿಳಿದ ತೊಗರಿಯ ಬೇರು ಕಬ್ಬಿಣದ ಮುಷ್ಟಿಯನ್ನು ಬಿಡಿಸಿ ತಂದ ರಂಜಕ ಅದರ ಎಲೆಯೊಳಗೆ ಸೇರಿ, ಮಾಘ ಮಾಸದಲ್ಲಿ ಆ ಎಲೆ ಉದುರಿ, ಮುಂದಿನ ರಾಗಿಗೆ ಸೇರುತ್ತಿತ್ತೆಂಬುದು ಅವಳಿಗೂ ತಿಳಿದಿರಲಾರದು. ಮುಸುಕಿನ ಜೋಳ ಬಂದ ಮೇಲೆ ಅಕ್ಕಡಿ ಸಾಲು ಅಣ್ಣನ ಹೊಲದಿಂದ ಮಾಯವಾಗಿ ಹದಿನೈದು ವರ್ಷವಾಗಿದೆ.

ಆ ದಿನ ಅವನು ಮತ್ತೊಂದು ಮೂಟೆ ಡಿಎಪಿಯನ್ನು ಮೇಲುಗೊಬ್ಬರವಾಗಿ ಎರಚಲು ಸಿದ್ಧನಾಗಿದ್ದ. ಎರಡು ದಿನ ಸಾಲಿನಲ್ಲಿ ನಿಂತು ತಂದ ಆ ಮೂಟೆ ಪಡಸಾಲೆಯ ಮೂಲೆಯಲ್ಲಿ ಕುಳಿತಿತ್ತು. ಬಿಸಿಲು ಬರಲಿ, ಎಂಟು ದಿನ ತಾಳು ಎಂದು ಬೇಡಿಕೊಂಡೆ. ಅತ್ತಿಗೆಯೂ ನನ್ನ ಮಾತಿಗೆ ದನಿಗೂಡಿಸಿದ್ದರಿಂದ ಒಪ್ಪಿಕೊಂಡ. ಪುಷ್ಯ ಮಳೆ ಎರಡು ದಿನ ಬಿಡುವು ಕೊಟ್ಟು, ನೆಲ ಬೆಚ್ಚಗಾಗಿ, ಎಡೆಕುಂಟೆ ಹೊಡೆದ ಮೇಲೆ ನಾನು ಮತ್ತೆ ಹೋದಾಗ, ಹಳೆಯ ಎಲೆಗಳ ನೇರಿಳೆ ಅಂಚು ಒಣಗಿ ಕೆಳಗೆ ಬಾಗಿತ್ತು. ಅದರ ಮೇಲೆ ಎದ್ದಿದ್ದ ಎರಡು ಹೊಸ ಎಲೆಗಳಲ್ಲಿ ಆ ಬಣ್ಣದ ಸುಳಿವೂ ಇರಲಿಲ್ಲ. ಆದರೆ ಅವುಗಳ ನಡುನರದ ಎರಡೂ ಕಡೆ ಬುಡದ ಹತ್ತಿರ ಮಜ್ಜಿಗೆ ಚೆಲ್ಲಿದಂತೆ ಬಿಳಿಚಿದ ಗೆರೆಗಳಿದ್ದುವು. ಅಣ್ಣ ಈ ಸಲ ನನ್ನನ್ನು ಕೇಳಲಿಲ್ಲ. ಜೇಬಿನಿಂದ ಮಡಿಸಿದ ಚೀಟಿಯನ್ನು ತೆಗೆದು, ಸತುವಿನ ಸಾಲಿನ ಮೇಲೆ ಹೆಬ್ಬೆರಳನ್ನಿಟ್ಟು ತೋರಿಸಿ, ಸಂಜೆ ಗುಬ್ಬಿಗೆ ಹೋಗಿ ಸತುವಿನ ಸಲ್ಫೇಟು ತರುವೆನೆಂದ. ಮನೆಗೆ ಬಂದವನು ಆ ಮೂಟೆಯನ್ನು ಪಡಸಾಲೆಯಿಂದ ಎತ್ತಿ, ಥಂಡಿ ತಾಗದಂತೆ ಹಲಗೆಯ ಮೇಲಿಟ್ಟು ಗೋಣಿ ಹೊದಿಸಿದ. ಒಳಗಿದ್ದ ಅತ್ತಿಗೆಗೆ, “ಬರೋ ವರ್ಷಕ್ಕೆ ಎರಡು ಸೇರು ತೊಗರಿ ಬೀಜ ಎತ್ತಿಡು. ಹಳೇ ತಳಿ ಇದ್ರೆ ನಿನ್ನ ತವರಿನಲ್ಲಿ ಕೇಳು” ಎಂದು ಕೂಗಿ ಹೇಳಿ, ಕೈಕಾಲು ತೊಳೆಯಲು ಹಿತ್ತಿಲ ಕಡೆಗೆ ನಡೆದ.